ಪದ ಬೇಕು (ಅರ್ಜೆಂಟ್): ಮಣ್ಣಿಲ್ಲದ ತೋಟದ ಬೋರ್ಡಿನಲ್ಲಿ "ಕಟಿಂಗ್" ಅನ್ನುವುದಕ್ಕೆ ಏನು ಬರೆಯಲಿ?

ಮಡಿಕೇರಿಯಿಂದ, ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ.

ಗುರುವಾರ ಸಂಜೆಯೊಳಗೆ ಮೂರು ಪದ ಬೇಕು. ಶುಕ್ರವಾರ ಬೆಳಿಗ್ಗೆ ಬೋರ್ಡ್ ಬರೆಯುವವರು ಬರುತ್ತಾರೆ.

ಸಂದರ್ಭ ಹೇಳಿಬಿಡುತ್ತೇನೆ. ನಮ್ಮ ಚಿಕ್ಕಮ್ಮನ ಮನೆಯಲ್ಲಿ ಮೊದಲು ಕಾಫಿ ಮೂಟೆ ಇಡುತ್ತಿದ್ದ ಒಂದು ಕೋಣೆ ಇದೆ. ಅಲ್ಲಿ ಈಗ ನಾಲ್ಕು ಅಂತಸ್ತಿನ ಕಬ್ಬಿಣದ ರ‍್ಯಾಕ್ ಇಟ್ಟು, ಎಲ್‌ಇಡಿ ದೀಪ ಹಾಕಿ, ಮಣ್ಣಿಲ್ಲದೆ ಗಿಡ ಬೆಳೆಸುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಇಲ್ಲಿನ ಮಳೆ ನಿಮಗೆ ಗೊತ್ತೇ ಇದೆ. ಹೊರಗೆ ಕೊತ್ತಂಬರಿ ಬಿತ್ತಿದರೆ ಮೊಳಕೆ ತಲೆ ಎತ್ತುವ ಮೊದಲೇ ಕೊಳೆಯುತ್ತದೆ. ಹಾಗಾಗಿ ಶುರುವಾದ ಕೆಲಸ ಇದು. ಏಪ್ರಿಲ್‌ನಲ್ಲಿ ಬೇಸಿಗೆ ಶಿಬಿರದ ಮಕ್ಕಳು ನೋಡಲು ಬರುತ್ತಾರೆ. ಅವರಿಗಾಗಿ ಬೋರ್ಡು. ಇಂಗ್ಲಿಷ್ ಬರಹ ತಂಗಿಯದು, ಕನ್ನಡ ನನ್ನ ಪಾಲಿಗೆ ಬಂದಿದೆ.

ರ‍್ಯಾಕಿನ ಎಡಗಡೆ ಬೀಜದಿಂದ ಬಂದವು. ಪಾಲಕ್, ಲೆಟ್ಯೂಸ್, ಟೊಮೆಟೊ. ಸ್ಪಂಜಿನ ಸಣ್ಣ ಚೌಕದಲ್ಲಿ ಬೀಜ ಇಟ್ಟು ಬರೀ ನೀರು ಕೊಡುತ್ತಾರೆ. ಬೀಜದೆಲೆ ಆದಮೇಲೆ ನಿಜವಾದ ಎಲೆ ಬಂತೆಂದರೆ ಆಗ ಗೊಬ್ಬರ ಬೆರೆಸಿದ ನೀರು. ಬಲಗಡೆ ಬೀಜವೇ ಇಲ್ಲ. ಪುದಿನಾ, ದೊಡ್ಡಪತ್ರೆ, ಒಂದಷ್ಟು ಕಾಳುಮೆಣಸು. ಗಿಡದಿಂದ ಕತ್ತರಿಸಿ ತಂದು, ಕೆಳಗಿನ ಎಲೆ ಕಿತ್ತು, ಒಂದು ಗೆಣ್ಣು ಮುಳುಗುವ ಹಾಗೆ ಇಟ್ಟದ್ದು. ಪುದಿನಾಕ್ಕೆ ಎರಡು ವಾರದೊಳಗೆ ಬೇರು ಬಂದಿದೆ. ಗೆಣ್ಣಿನ ಸುತ್ತ ಬಿಳಿ ದಾರದ ಹಾಗೆ ಇಳಿದಿರುವುದನ್ನು ನೋಡುವುದೇ ಚೆಂದ.

ಈಗ ಪ್ರಶ್ನೆ. ಒಂದು, ಹೈಡ್ರೋಪೋನಿಕ್ಸ್. ಎರಡು, ಸೀಡ್ಲಿಂಗ್. ಮೂರು, ಕಟಿಂಗ್. ಮೂರನೆಯದೇ ನನ್ನ ತಲೆನೋವು. "ಕಾಂಡದ ತುಂಡು" ಅಂತ ಪಠ್ಯಪುಸ್ತಕದಲ್ಲಿದೆ. ತುಂಡು ಅಂದರೆ ಮಕ್ಕಳಿಗೆ ಮೀನಿನ ತುಂಡು ನೆನಪಾಗುತ್ತೆ. "ಕಡ್ಡಿ" ಅಂದರೆ ಬೆಂಕಿಕಡ್ಡಿ, ಊದುಕಡ್ಡಿ. "ಕುಡಿ" ನನಗೆ ತುಂಬಾ ಇಷ್ಟ. ಆದರೆ ಬೋರ್ಡಿನಲ್ಲಿ "ಪುದಿನಾ ಕುಡಿ" ಅಂತ ಬರೆದರೆ ಕುಡಿಯಲು ಹೇಳಿದ ಹಾಗಾಗುತ್ತದೆ, ಅಲ್ವಾ?

ಮೈಸೂರಿನಿಂದ, ಮಂಗಳವಾರ ಬೆಳಿಗ್ಗೆ

ತಂಗಿ,

ಹೈಡ್ರೋಪೋನಿಕ್ಸ್‌ಗೆ "ನೀರ್ಬೇಸಾಯ". ಸೀಡ್ಲಿಂಗ್‌ಗೆ "ಅಗೆ". ಕಟಿಂಗ್‌ಗೆ "ಕೊಯ್ಗಡ್ಡಿ". ಸುಡು, ಕಾಡು ಸೇರಿ ಸುಡುಗಾಡು ಆದ ಹಾಗೆ ಇದೂ ಆಗುತ್ತದೆ, ಹೆದರಬೇಡಿ. "ಜಲಕೃಷಿ" ಬರೆಯಬೇಡಿ, ಎರಡು ತುಂಡೂ ಸಂಸ್ಕೃತ. "ಸಸಿ"ಯೂ ಬೇಡ, ಅದು "ಸಸ್ಯ"ದಿಂದ ಬಂದದ್ದು. ಮಲೆನಾಡಿನ ಗದ್ದೆಗಳಲ್ಲಿ ಅಗೆ ಹಾಕುವುದು, ಅಗೆ ಕೀಳುವುದು ಇವತ್ತಿಗೂ ಬದುಕಿರುವ ಮಾತು. ಅಂಥ ಪದವನ್ನು ಮಕ್ಕಳ ಕಣ್ಣಿಗೆ ಬೀಳಿಸುವ ಅವಕಾಶ ಸಿಕ್ಕಿದೆ, ಬಿಡಬೇಡಿ.

ಬೆಂಗಳೂರಿನಿಂದ, ಮಂಗಳವಾರ ಮಧ್ಯಾಹ್ನ

ಮೇಷ್ಟ್ರೇ, "ಬೇಸಾಯ" ಅನ್ನುವುದು "ವ್ಯವಸಾಯ"ದ ತದ್ಭವ. ನಿಘಂಟು ತೆಗೆದು ನೋಡಿ. ಸಸಿಯನ್ನು ಹೊರಗೆ ಹಾಕಿ ಬೇಸಾಯವನ್ನು ಒಳಗೆ ಕೂರಿಸಿದ್ದು ಯಾವ ನ್ಯಾಯ?

ಮೂಲ ಪದದ ಕಡೆ ನೋಡೋಣ. ಹೈಡ್ರೋಪೋನಿಕ್ಸ್ ಅನ್ನುವ ಹೆಸರನ್ನು 1937ರಲ್ಲಿ ಬಳಕೆಗೆ ತಂದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗೆರಿಕ್. ಸೂಚಿಸಿದವರು ಅವರ ಸಹೋದ್ಯೋಗಿ ಸೆಚೆಲ್. ಗ್ರೀಕ್‌ನಲ್ಲಿ ಹೈಡೋರ್ ಅಂದರೆ ನೀರು, ಪೋನೋಸ್ ಅಂದರೆ ದುಡಿಮೆ. ನೆಲದ ದುಡಿಮೆಗೆ ಮೊದಲೇ ಜಿಯೋಪೋನಿಕ್ಸ್ ಅನ್ನುವ ಮಾತಿತ್ತು. ಅದರ ಜೋಡಿಯಾಗಿ ಇದನ್ನು ಕಟ್ಟಿದರು. ಹಾಗಾಗಿ ಜಲ, ಕೃಷಿ ಎರಡೂ ಅಚ್ಚುಕಟ್ಟಾಗಿ ಕೂರುತ್ತವೆ. ಜಲಕೃಷಿ ಅಂತಲೇ ಬರೆಯಿರಿ.

ಸೋಮವಾರಪೇಟೆಯಿಂದ, ಮಂಗಳವಾರ ಸಂಜೆ

ಜಲಕೃಷಿ ಬೇಡವೇ ಬೇಡ. ಮೀನು, ಸಿಗಡಿ ಸಾಕುವುದಕ್ಕೂ ಜಲಕೃಷಿ ಅಂತ ಬರೆಯುತ್ತಾರೆ. ಮಕ್ಕಳು ಬಂದು ಮೀನು ಎಲ್ಲಿ ಅಂತ ಕೇಳುತ್ತಾರೆ. ಇನ್ನೊಂದು, ಕೃಷ್ ಅಂದರೆ ಎಳೆಯುವುದು, ಉಳುವುದು. ರ‍್ಯಾಕಿನಲ್ಲಿ ಯಾರು ಉತ್ತರು?

ಮತ್ತೆ, ನೀರು ಈ ಪದ್ಧತಿಯ ತಿರುಳೂ ಅಲ್ಲ. 1946ರಲ್ಲಿ ಕಾಲಿಂಪಾಂಗ್‌ನಲ್ಲಿ ಶೋಲ್ಟೋ ಡಗ್ಲಸ್ ಶುರು ಮಾಡಿದ ಬಂಗಾಳ ಪದ್ಧತಿಯಲ್ಲಿ ಇದ್ದದ್ದು ಜಲ್ಲಿ, ಮರಳು ತುಂಬಿದ ತೊಟ್ಟಿಗಳು. ಈಗ ತೆಂಗಿನ ನಾರಿನ ಪುಡಿಯಲ್ಲೂ ಬೆಳೆಸುತ್ತಾರೆ. ಎಲ್ಲದಕ್ಕೂ ಸಾಮಾನ್ಯವಾದದ್ದು ಒಂದೇ, ಮಣ್ಣು ಇಲ್ಲ. ನೀವು ಮೇಲಿನ ಸಾಲಿನಲ್ಲೇ "ಮಣ್ಣಿಲ್ಲದ ತೋಟ" ಅಂತ ಬರೆದುಬಿಟ್ಟಿದ್ದೀರಿ. ಅದನ್ನೇ ಬೋರ್ಡಿಗೆ ಹಾಕಿ.

ಸೀಡ್ಲಿಂಗ್‌ಗೆ ಸಸಿ ಸಾಕು. ಕಾಫಿ ನರ್ಸರಿಯಲ್ಲಿ ಬೇರೆ ಯಾವ ಮಾತೂ ಕೇಳಿಲ್ಲ. ಬಿತ್ತಿ ಸುಮಾರು 45 ದಿನಕ್ಕೆ ಬೀಜ ತಲೆಯ ಮೇಲೆ ಹೊತ್ತುಕೊಂಡು ಕಾಂಡ ಮೇಲೆ ಬರುತ್ತದಲ್ಲ, ಅದಕ್ಕೆ ಟೋಪಿ ಅಂತಾರೆ. ಟೋಪಿ ಇರುವಾಗಲೇ ಮಡಿಯಿಂದ ಎತ್ತಿ ಚೀಲಕ್ಕೆ ಹಾಕಬೇಕು. ಯಾವ ಪಂಡಿತರೂ ಕೊಟ್ಟ ಪದ ಅಲ್ಲ ಅದು. ನೋಡಿದವರು ಇಟ್ಟದ್ದು.

ಮೈಸೂರಿನಿಂದ, ಮಂಗಳವಾರ ರಾತ್ರಿ

ಟೋಪಿ ಹಿಂದೂಸ್ತಾನಿ.

ಬೆಂಗಳೂರಿನವರಿಗೆ: ಬೇಸಾಯ ತದ್ಭವ ಅಂತ ನನಗೆ ಗೊತ್ತು. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ತದ್ಭವಗಳಿಗೆ ಒಂದು ಪ್ರಕರಣವನ್ನೇ ಇಟ್ಟಿದ್ದಾನೆ. ನಮ್ಮ ಬಾಯಲ್ಲಿ ಉರುಳಿ, ನಮ್ಮ ಉಚ್ಚಾರಕ್ಕೆ ಬಗ್ಗಿದ ಪದ ನಮ್ಮದು. ಬೇಸಾಯ ಅನ್ನುವ ರೈತನಿಗೆ ವ್ಯವಸಾಯದ ನೆನಪೇ ಇಲ್ಲ.

ಸೋಮವಾರಪೇಟೆಯವರಿಗೆ: ರ‍್ಯಾಕಿನಲ್ಲಿ ಸುಟ್ಟ ಜೇಡಿಮಣ್ಣಿನ ಉಂಡೆ ಬಳಸುವುದಿಲ್ಲವೇ? ಬಳಸುತ್ತಾರೆ. ಹಾಗಾದರೆ "ಮಣ್ಣಿಲ್ಲದ" ಅನ್ನುವುದು ಸುಳ್ಳು.

ಬೆಂಗಳೂರಿನಿಂದ, ಮಂಗಳವಾರ ರಾತ್ರಿ

ಬಗ್ಗಿದ್ದು ನಮ್ಮದು ಅನ್ನುವುದಾದರೆ ಸಸಿಯೂ ನಮ್ಮದೇ. ಅದೂ ತದ್ಭವವೇ. ನಿಮ್ಮ ಮಾತಿನಲ್ಲೇ ಉತ್ತರ ಇದೆ.

ಸೋಮವಾರಪೇಟೆಯಿಂದ, ಬುಧವಾರ ಬೆಳಿಗ್ಗೆ

ಸುಟ್ಟ ಮೇಲೆ ಅದು ಮಡಕೆಯ ಜಾತಿ, ಮಣ್ಣಲ್ಲ. ಗಿಡಕ್ಕೆ ಅದರಿಂದ ಊಟ ಸಿಗುವುದಿಲ್ಲ. ಕಾಲೂರಲು ಜಾಗ ಅಷ್ಟೆ. ಊಟ ಎಲ್ಲ ನೀರಿನಲ್ಲಿ.

ಕಟಿಂಗ್ ವಿಷಯ ಎಲ್ಲರೂ ಮರೆತರು. ಅವರಿಗೆ ಬೇಕಾದದ್ದು ಅದು. ರೊಬಸ್ಟಾ ಕಾಫಿಯಲ್ಲಿ ಪರಾಗ ಬೇರೆ ಗಿಡದಿಂದಲೇ ಬರಬೇಕು. ಬೀಜ ಹಾಕಿದರೆ ತಾಯಿಯ ಗುಣ ಹಾಗೇ ಬರುತ್ತೆ ಅನ್ನುವ ಭರವಸೆ ಇಲ್ಲ. ಒಳ್ಳೆ ಗಿಡ ಸಿಕ್ಕಿದರೆ ಅದರ ಕಂಬ ಚಿಗುರು, ಅಂದರೆ ನೆಟ್ಟಗೆ ಮೇಲೇಳುವ ಚಿಗುರು, ಕತ್ತರಿಸಿ ಬೇರು ಬರಿಸುತ್ತಾರೆ. ಅಡ್ಡ ರೆಂಬೆ ತಂದರೆ ಬೇರು ಬರುತ್ತೆ, ಆದರೆ ಗಿಡ ನೆಟ್ಟಗೆ ಏಳುವುದಿಲ್ಲ, ನೆಲದ ಮೇಲೆ ಹರಡಿಕೊಂಡು ಬಿಡುತ್ತದೆ. ಹಾಗಾಗಿ ನಮಗೆ ಗಿಡದ ಯಾವ ಭಾಗ ಅನ್ನುವುದೇ ಮುಖ್ಯ. "ಕಟಿಂಗ್" ಅನ್ನುವ ಇಂಗ್ಲಿಷ್ ಪದ ಅದನ್ನು ಹೇಳುವುದಿಲ್ಲ, ಕತ್ತರಿಸಿದ್ದು ಅಂತ ಮಾತ್ರ ಹೇಳುತ್ತದೆ.

ಮಂಗಳೂರಿನಿಂದ, ಬುಧವಾರ ಮಧ್ಯಾಹ್ನ

ಕೊಯ್ಗಡ್ಡಿ ಅಂದರೆ ನನಗೆ ಕೊಯ್ಲು ಆದ ಗದ್ದೆಯ ಕೂಳೆ ಕಾಣಿಸುತ್ತದೆ. ಒಣಗಿದ್ದು, ಮುಗಿದದ್ದು. ಬೇರು ಬಿಡಬೇಕಾದ ಹಸಿ ಗಿಡಕ್ಕೆ ಆ ಹೆಸರು ಬೇಡ ಮೇಷ್ಟ್ರೇ.

ಅಗೆ ಒಳ್ಳೆಯ ಪದ, ಆದರೆ ಅದು ಭತ್ತದ್ದು. ನಮ್ಮ ಕಡೆ ಅದಕ್ಕೆ ನೇಜಿ ಅಂತೇವೆ. ಟೊಮೆಟೊ ಗಿಡಕ್ಕೆ ಯಾರೂ ನೇಜಿ ಅನ್ನುವುದಿಲ್ಲ.

ಅಕ್ಕ, ಒಂದು ಎಚ್ಚರಿಕೆ. ಎಲ್ಲಾದರೂ "ನಾಟಿ ಗಿಡ" ಅಂತ ಬರೆದಿದ್ದರೆ ಅಳಿಸಿ. ನಾಟಿ ಎರಡಿದೆ. ನಾಟು, ನೆಡು ಬಳಗದ ನಾಟಿ ಒಂದು, ಗದ್ದೆಯ ನಾಟಿ. ಇನ್ನೊಂದು ನಾಡಿನಿಂದ ಬಂದದ್ದು, ನಾಟಿ ಕೋಳಿಯ ನಾಟಿ. ಲೆಟ್ಯೂಸ್ ಪಕ್ಕದಲ್ಲಿ "ನಾಟಿ" ಅಂತ ಕಂಡರೆ ನಾಟಿ ತಳಿ ಅಂತಲೇ ಓದುತ್ತಾರೆ.

ರಾಮನಗರದಿಂದ, ಬುಧವಾರ ಸಂಜೆ

ಕಡ್ಡಿ ಅಂತ ಬರೆಯಿರಿ. ಯೋಚನೆ ಬೇಡ. ನಮ್ಮಲ್ಲಿ ಹಿಪ್ಪುನೇರಳೆಯೆಲ್ಲ ಕಡ್ಡಿಯಿಂದಲೇ. ಮೂರು ನಾಲ್ಕು ಕಣ್ಣಿರುವ ಕಡ್ಡಿ ಕತ್ತರಿಸಿ ನೆಡುತ್ತಾರೆ. "ಕಡ್ಡಿ ಎಲ್ಲಿಂದ ತಂದ್ರಿ" ಅಂತ ಕೇಳಿದರೆ ಬೆಂಕಿಪೊಟ್ಟಣ ತೋರಿಸಿದವರನ್ನು ನಾನು ನೋಡಿಲ್ಲ. ಪುದಿನಾ ಕಡ್ಡಿ, ಗುಲಾಬಿ ಕಡ್ಡಿ ಅಂತ ಪೇಟೆಯವರೂ ಹೇಳುತ್ತಾರಲ್ಲ.

ಬೆಂಗಳೂರಿನಿಂದ, ಬುಧವಾರ ರಾತ್ರಿ

ಕಡ್ಡಿ ಆಡುಮಾತು. ಶಿಕ್ಷಣಕ್ಕೆ ಸಂಬಂಧಿಸಿದ ಫಲಕದಲ್ಲಿ ಪಾರಿಭಾಷಿಕ ಪದ ಇರಬೇಕು. ನಾಳೆ ಇದೇ ಮಕ್ಕಳು ಪರೀಕ್ಷೆಯಲ್ಲಿ ಏನು ಬರೆಯುತ್ತಾರೆ?

ರಾಮನಗರದಿಂದ, ಬುಧವಾರ ರಾತ್ರಿ

ಕಡ್ಡಿ ಅಂತ ಬರೆಯಲಿ.

ಮಡಿಕೇರಿಯಿಂದ, ಗುರುವಾರ ಮಧ್ಯಾಹ್ನ

ಎಲ್ಲರಿಗೂ ಧನ್ಯವಾದ. ಸೋಮವಾರಪೇಟೆಯ ಅಣ್ಣ "ಯಾವ ಭಾಗ" ಅಂದದ್ದು ತಲೆಯಲ್ಲಿ ಕೂತುಬಿಟ್ಟಿತು. ಇವತ್ತು ಬೆಳಿಗ್ಗೆ ಸುಂಟಿಕೊಪ್ಪದ ಕಡೆ ಒಂದು ನರ್ಸರಿಗೆ ಹೋಗಿ ಬಂದೆ.

ಅಲ್ಲಿ ಮೆಣಸಿನ ಬಳ್ಳಿ ಕತ್ತರಿಸುತ್ತಿದ್ದರು. ಬುಡದಲ್ಲಿ ನೆಲದ ಮೇಲೆ ಹಬ್ಬುವ ಬಳ್ಳಿ ಇದೆಯಲ್ಲ, ಅದು. ಕೆಲಸದ ಒಬ್ಬ ಅಮ್ಮ ಮಡಿಲಲ್ಲಿ ಬಳ್ಳಿ ಸುರುಳಿ ಇಟ್ಟುಕೊಂಡು ಕತ್ತರಿಯಲ್ಲಿ ಟಕ್ ಟಕ್ ಅಂತ ತುಂಡು ಮಾಡುತ್ತಿದ್ದರು. ಎಣಿಸುವ ಹಾಗೇ ಕಾಣಲಿಲ್ಲ, ಆದರೆ ಪ್ರತಿಯೊಂದರಲ್ಲೂ ಎರಡೋ ಮೂರೋ ಗೆಣ್ಣು. ಎಲೆ ಚಿವುಟುವಾಗ ತೊಟ್ಟಿನ ಚೂರು ಉಳಿಸುತ್ತಿದ್ದರು. "ಇದಕ್ಕೆ ಏನಂತೀರಿ?" ಅಂದೆ. "ಬಳ್ಳಿ." "ಕತ್ತರಿಸಿದ ಮೇಲೆ?" "ಆಗಲೂ ಬಳ್ಳಿಯೇ ಅಲ್ವಾ? ಎರಡು ಗೆಣ್ಣಿನ ಬಳ್ಳಿ."

ಹಾಲುವಾಣದ ಮರ ನೆಡುವುದಕ್ಕೆ? "ಗೂಟ." ಗುಲಾಬಿ, ದಾಸವಾಳ? "ಕಡ್ಡಿ." ಮನೆ ಬೇಲಿಯಲ್ಲಿ ಮದ್ದು ಸೊಪ್ಪು ನೆಟ್ಟಿದ್ದೀರಾ ಅಂತ ಕೇಳಿದೆ. "ಕಡ್ಡಿ ಮುರಿದು ಚುಚ್ಚಿದ್ದು, ಈಗ ಎದೆಮಟ್ಟ ಬಂದಿದೆ" ಅಂದರು. ಪಕ್ಕದಲ್ಲಿದ್ದವರು ಮಲಯಾಳ ಮಾತಾಡುವವರು, ಅವರೂ ಕೆಲಸದ ನಡುವೆ ಕಡ್ಡಿ ಅಂತಲೇ ಅಂದರು.

ಅಂದರೆ ಎಲ್ಲದಕ್ಕೂ ಒಂದೇ ಪದ ಅನ್ನುವ ಹಟವೇ ಇಂಗ್ಲಿಷಿನದು. ನಾನು ಸುಮ್ನೆ ಅದಕ್ಕೆ ಜೋಡಿ ಹುಡುಕುತ್ತಾ ಕೂತಿದ್ದೆ. ಹಾಲುವಾಣದ ಗೂಟ ನೆಲದಲ್ಲಿ ಹುಗಿಯಬೇಕಾದಷ್ಟು ದಪ್ಪ, ಉದ್ದ. ಮೆಣಸಿನ ಬಳ್ಳಿ ಬಗ್ಗುತ್ತದೆ. ಕಡ್ಡಿ ಚುಚ್ಚಿದರೆ ನಿಲ್ಲುತ್ತದೆ. ಆ ಪದ ಕೇಳಿದರೆ ಕೈಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ. "ಕಾಂಡದ ತುಂಡು" ಹಾಗೆ ಹೇಳುವುದಿಲ್ಲ. ಬೆಂಗಳೂರಿನವರ ಪರೀಕ್ಷೆಯ ಮಾತು ನಾನು ತಳ್ಳಿಹಾಕುತ್ತಿಲ್ಲ, ಆದರೆ ಈ ಕೋಣೆಗೆ ಬರುವ ಮಗು ಮೊದಲು ಮನೆಗೆ ಹೋಗಿ ಒಂದು ಪುದಿನಾ ಕಡ್ಡಿ ಲೋಟದಲ್ಲಿ ಇಡಲಿ ಅನ್ನುವುದು ನನ್ನ ಆಸೆ.

ಬೋರ್ಡಿನ ಬರಹ ಹೀಗೆ ಮಾಡಿದ್ದೇನೆ. ದೊಡ್ಡದರಲ್ಲಿ "ಮಣ್ಣಿಲ್ಲದ ತೋಟ". ಎಡಕ್ಕೆ "ಬೀಜದಿಂದ ಬಂದ ಸಸಿಗಳು". ಬಲಕ್ಕೆ "ಕಡ್ಡಿಯಿಂದ ಬಂದ ಗಿಡಗಳು", ಅದರ ಕೆಳಗೆ "ಪುದಿನಾ ಕಡ್ಡಿ", "ದೊಡ್ಡಪತ್ರೆ ಕಡ್ಡಿ". ಮೆಣಸಿಗೆ ಮಾತ್ರ "ಮೆಣಸಿನ ಬಳ್ಳಿ, ಎರಡು ಗೆಣ್ಣಿನದು". ಮಧ್ಯದಲ್ಲಿ ಒಂದು ಸಾಲು: "ಬೇರು ಬರುವ ತನಕ ಬರೀ ನೀರು. ಬೇರು ಬಂದ ಮೇಲೆ ಗೊಬ್ಬರದ ನೀರು." ಪೋಷಕಾಂಶ ದ್ರಾವಣ ಅಂತ ತಂಗಿ ಬರೆದಿದ್ದಳು, ತೆಗೆದೆ.

ಹೈಡ್ರೋಪೋನಿಕ್ಸ್ ಅನ್ನುವುದನ್ನು ಕೆಳಗೆ ಸಣ್ಣ ಅಕ್ಷರದಲ್ಲಿ ಕನ್ನಡ ಲಿಪಿಯಲ್ಲೇ ಇಟ್ಟಿದ್ದೇನೆ. ಗೊಬ್ಬರ ಮಾರುವ ಅಂಗಡಿಯಲ್ಲಿ ಕೇಳಲು ಅದೇ ಬೇಕು. ಮೇಷ್ಟ್ರಿಗೆ ಬೇಸರ ಆಗಬಹುದು, ಕ್ಷಮಿಸಿ.

ಸಂಜೆ ಆರರ ತನಕ ತಪ್ಪು ಕಂಡರೆ ಹೇಳಿ.

ಮಂಗಳೂರಿನಿಂದ, ಗುರುವಾರ ಮಧ್ಯಾಹ್ನ

"ಗೊಬ್ಬರದ ನೀರು" ಅಂದರೆ ಸಗಣಿ ನೀರು ಅಂದುಕೊಂಡು ಯಾವ ಮಗುವಾದರೂ ಅದನ್ನೇ ಸುರಿದರೆ ಬೇರು ಕೊಳೆತುಹೋಗುತ್ತದೆ. "ರಸಗೊಬ್ಬರ ಕರಗಿಸಿದ ನೀರು" ಅನ್ನಿ ಅಕ್ಕ. ಒಂದು ಪದ ಜಾಸ್ತಿ, ಆದರೆ ಬೇಕು.

ಮಡಿಕೇರಿಯಿಂದ, ಗುರುವಾರ ಸಂಜೆ

ಸರಿ, ತಿದ್ದಿದೆ. ಇದು ನಿಜಕ್ಕೂ ಹೊಳೆದಿರಲಿಲ್ಲ.

ಮೈಸೂರಿನಿಂದ, ಗುರುವಾರ ರಾತ್ರಿ

ತಂಗಿ,

ಕಡ್ಡಿ, ಬಳ್ಳಿ, ಗೂಟ ಮೂರೂ ಒಪ್ಪಿದೆ. ಕೊಯ್ಗಡ್ಡಿ ವಾಪಸ್ ತೆಗೆದುಕೊಂಡೆ, ಕೂಳೆಯ ಮಾತು ಸರಿ. ಸಸಿ ಇರಲಿ. ಹೈಡ್ರೋಪೋನಿಕ್ಸ್ ನನಗೆ ಒಪ್ಪಿಗೆ ಇಲ್ಲ. ತದ್ಭವದ ಬಗ್ಗೆ ಬೆಂಗಳೂರಿನವರು ಎತ್ತಿದ ಪ್ರಶ್ನೆಗೆ ಬೇರೆ ಎಳೆಯಲ್ಲಿ ಉತ್ತರ ಬರೆಯುತ್ತೇನೆ, ಇಲ್ಲಿ ಬೇಡ.

ಗೆಣ್ಣು ಅನ್ನುವುದಕ್ಕೆ ಗಿಣ್ಣು ಅಂತ ಬರೆಯಬೇಡಿ ಅಂತ ಬೋರ್ಡಿನವರಿಗೆ ಹೇಳಿ. ನಿಮ್ಮ ಊರಿನ ಮಾತು ಯಾವುದೋ ಅದೇ ಇರಲಿ.