ಅಪ್‌ಡೇಟ್: ಮ್ಯಾಡ್ರಿಡ್‌ನಿಂದ ಸೆಗೋವಿಯಾ, ಒಂದೇ ದಿನದಲ್ಲಿ

ನಾನು ಕೇಳಿದ್ದು ಎರಡು: ಸ್ಪೇನಿನ ಸೆಗೋವಿಯಾ ಊರು ನೋಡಿ ಬರುವುದು ಒಂದು ದಿನದಲ್ಲಿ ಆಗುತ್ತದೆಯೇ, ಅಲ್ಲಿನ ರೋಮನ್ ಮೇಲ್ಗಾಲುವೆಯ (ಊರಿಗೆ ನೀರು ತರಲು ಕಮಾನುಗಳ ಮೇಲೆ ಕಟ್ಟಿದ ಕಾಲುವೆ) ಕಲ್ಲುಗಳಲ್ಲಿರುವ ತೂತುಗಳು ಏನು? ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್.

ಆರಾಮಾಗಿ ಆಗುತ್ತದೆ. ಮ್ಯಾಡ್ರಿಡ್‌ನ ಚಮಾರ್ತಿನ್ ನಿಲ್ದಾಣದಿಂದ ಹೈಸ್ಪೀಡ್ ರೈಲಿಗೆ ಅರ್ಧ ಗಂಟೆ. ಟಿಕೆಟ್‌ನಲ್ಲಿ ‘ಸೆಗೋವಿಯಾ ಗಿಯೊಮಾರ್’ ಎಂದೇ ಇರಲಿ. ಆ ನಿಲ್ದಾಣ ಊರಾಚೆ ಬಯಲಿನಲ್ಲಿದೆ. 11ನೇ ನಂಬರಿನ ಬಸ್ಸು ಮೇಲ್ಗಾಲುವೆ ಹತ್ತಿರ ಇಳಿಸುತ್ತದೆ.

ಇನ್ನು ತೂತುಗಳು. ನೀರು ಹೊತ್ತು ಬೇಸತ್ತ ಹುಡುಗಿಯೊಬ್ಬಳು ಸೈತಾನನಿಗೆ ಆತ್ಮವನ್ನೇ ಒತ್ತೆಯಿಟ್ಟಳಂತೆ. ಕೋಳಿ ಕೂಗುವಷ್ಟರಲ್ಲಿ ಅವನು ಕಾಲುವೆ ಮುಗಿಸಬೇಕು. ಒಂದೇ ಕಲ್ಲು ಬಾಕಿ ಇರುವಾಗ ಬೆಳಕು ಹರಿಯಿತು, ಹುಡುಗಿ ಬಚಾವು. ತೂತುಗಳು ಅವನ ಬೆರಳ ಗುರುತಂತೆ! ಅಸಲಿಗೆ ಅವು ಕಲ್ಲೆತ್ತುವ ಕಬ್ಬಿಣದ ಇಕ್ಕಳ ಕಚ್ಚಲು ಕೊರೆದ ಗುಳಿಗಳು. ಎದುರುಬದುರು ಮುಖಗಳಲ್ಲಿ ಒಂದೊಂದು. ಹಗ್ಗ ಎಳೆದಾಗ ಕಲ್ಲಿನ ಭಾರಕ್ಕೇ ಇಕ್ಕಳ ಬಿಗಿಯಾಗುತ್ತದೆ. ಗಾರೆಯಿಲ್ಲದೆ ಪೇರಿಸಿದ ಗ್ರಾನೈಟ್, ಅಸೊಗೆಹೊ ಚೌಕದಲ್ಲಿ ಸುಮಾರು 28 ಮೀಟರ್ ಎತ್ತರ. ಕೆಳಗೇ ನಿಂತರೆ ಕತ್ತು ನೋವಷ್ಟೇ. ಪಕ್ಕದ ಮೆಟ್ಟಿಲು ಹತ್ತಿ.

ಅಲ್ಕಾಸರ್ ಕೋಟೆ ಊರಿನ ಇನ್ನೊಂದು ತುದಿಗೆ. 1862ರ ಬೆಂಕಿಯ ನಂತರ ಬಹುಪಾಲು ಮತ್ತೆ ಕಟ್ಟಿದ್ದು. ಗೋಪುರಕ್ಕೆ ಬೇರೆ ಟಿಕೆಟ್, ನೂರೈವತ್ತಕ್ಕೂ ಹೆಚ್ಚು ಕಡಿದಾದ ಮೆಟ್ಟಿಲು. ಮೊಣಕಾಲು ನೋವಿದ್ದವರು ಬಿಟ್ಟರೂ ನಡೆಯುತ್ತದೆ.