ಹಳೇ ಸ್ಪೆಕ್ಟ್ರಮ್ ಅನಲೈಜರ್: ಯಿಗ್ ಆಸಿಲೇಟರ್ ಸೆಟ್ ಮಾಡೋದು ಹೇಗೆ?

ಪುಣೆಯಿಂದ: ಬುಧವಾರ ಪೇಠೆಯಲ್ಲಿ ಎಚ್‌ಪಿ 8591ಎ ಸ್ಪೆಕ್ಟ್ರಮ್ ಅನಲೈಜರ್ (ಸಿಗ್ನಲ್‌ಗಳನ್ನು ಫ್ರೀಕ್ವೆನ್ಸಿವಾರು ತೋರಿಸುವ ಉಪಕರಣ) ಸಿಕ್ಕಿತು. ಆನ್ ಮಾಡಿದಾಗ 300 ಮೆಗಾಹರ್ಟ್ಸ್ ಸಿಗ್ನಲ್ ಪಕ್ಕಕ್ಕೆ ಸರಿದು ಕಾಣುತ್ತದೆ, ಆಮೇಲೆ ನಿಧಾನವಾಗಿ ಜಾಗಕ್ಕೆ ಬರುತ್ತದೆ. ಒಳಗಿನ ಯಿಗ್ ಆಸಿಲೇಟರ್‌ನ (ಕಾಂತೀಯ ಹರಳಿನ ಗುಂಡಿನಿಂದ ಫ್ರೀಕ್ವೆನ್ಸಿ ಹುಟ್ಟಿಸುವ ಭಾಗ) ಟ್ರಿಮ್ಮರ್, ಅಂದರೆ ಹೊಂದಿಸುವ ತಿರುಪು, ತಿರುಗಿಸಲಾ?

ಮಾಟುಂಗಾದಿಂದ: ಈಗಲೇ ಬೇಡ ಸಾರ್. ಅರ್ಧ ಗಂಟೆ ಬಿಸಿಯಾಗಲಿ. ಆಮೇಲೆ ಕ್ಯಾಲ್ ಔಟ್‌ನಿಂದ (300 ಮೆಗಾಹರ್ಟ್ಸ್ ಪರೀಕ್ಷಾ ಸಿಗ್ನಲ್ ಹೊರಬರುವ ಕಿಂಡಿ) ಇನ್‌ಪುಟ್‌ಗೆ ಕೇಬಲ್ ಹಾಕಿ, ಕ್ಯಾಲ್ ಫ್ರೀಕ್ವೆನ್ಸಿ (ಫ್ರೀಕ್ವೆನ್ಸಿಯನ್ನು ತಾನೇ ಸರಿಪಡಿಸಿಕೊಳ್ಳುವ ಕ್ರಮ) ಓಡಿಸಿ, ಮುಗಿದ ಮೇಲೆ ಅದನ್ನು ಉಳಿಸಲು ಕ್ಯಾಲ್ ಸ್ಟೋರ್ ಒತ್ತಿ, ಮರೀಬೇಡಿ.

ಮಡಗಾಂವ್‌ನಿಂದ: ಹೌದು, ಅದೇ ಸರಿ. ಯಿಗ್ ಗುಂಡಿನ ಫ್ರೀಕ್ವೆನ್ಸಿ ಕಾಂತಕ್ಷೇತ್ರದ ಮೇಲೆ ನಿಂತಿದೆ, ಒಂದು ಗಾಸ್‌ಗೆ (ಕಾಂತಕ್ಷೇತ್ರದ ಅಳತೆ) ಸುಮಾರು 2.8 ಮೆಗಾಹರ್ಟ್ಸ್. ಆ ಕ್ಷೇತ್ರ ಕೊಡುವ ಕಾಯಿಲ್‌ನ ಕರೆಂಟ್ ಚೂರು ಅಲುಗಾಡಿದರೂ ಸಾಕು, ಫ್ರೀಕ್ವೆನ್ಸಿ ಸರಿಯುತ್ತದೆ, ಅದಕ್ಕೇ ಸಪ್ಲೈ ರಿಪಲ್ (ಪವರ್ ಸಪ್ಲೈ ವೋಲ್ಟೇಜಿನ ಏರಿಳಿತ) ಮೊದಲು ನೋಡಿ. ಅನಲಾಗ್ ಡ್ರೈವರ್ (ಕಾಯಿಲ್‌ಗೆ ಕರೆಂಟ್ ಕೊಡುವ ಸರ್ಕ್ಯೂಟ್) ಇರುವ ಹಳೇ ಮಾಡೆಲ್‌ಗಳಲ್ಲಿ ಫ್ರೀಕ್ವೆನ್ಸಿಯ ಕೆಳತುದಿಗೆ ಆಫ್‌ಸೆಟ್ ಟ್ರಿಮ್ಮರ್, ಮೇಲ್ತುದಿಗೆ ಸ್ಲೋಪ್ ಟ್ರಿಮ್ಮರ್ ಹೊಂದಿಸಬೇಕು. ಒಂದು ತಿರುಗಿಸಿದರೆ ಇನ್ನೊಂದು ಕದಲುತ್ತದೆ, ಎರಡು ತುದಿಯೂ ಸರಿಯಾದ ಜಾಗದಲ್ಲಿ ನಿಲ್ಲುವವರೆಗೆ ಮತ್ತೆ ಮತ್ತೆ ಹೊಂದಿಸುತ್ತಿರಿ.