ಮೂರೆಳೆಯ ಮಣಿಸರ: ಎಳೆಗಳು ಒಂದಕ್ಕೊಂದು ಸುತ್ತಿಕೊಳ್ಳುತ್ತಿವೆ, ಪರಿಹಾರವೇನು?

ಪ್ರಶ್ನೆ (ವಿರಾಜಪೇಟೆಯಿಂದ)

ಎಲ್ಲರಿಗೂ ನಮಸ್ಕಾರ. ನಮ್ಮ ಸುಗ್ಗಿ ಹಬ್ಬವಾದ ಪುತ್ತರಿಗೆ ಮಗಳಿಗೆ ಕೊಡಲೆಂದು 11/0 ಅಳತೆಯ, ಅಂದರೆ ಸುಮಾರು 2 ಮಿ.ಮೀ. ದಪ್ಪದ ಸಣ್ಣ ಗಾಜಿನ ಮಣಿಗಳಿಂದ ಮೂರೆಳೆಯ ಸರವೊಂದನ್ನು ಮನೆಯಲ್ಲೇ ಪೋಣಿಸಿದ್ದೇನೆ. ಎಳೆಗಳ ಉದ್ದ ಕ್ರಮವಾಗಿ 16, 17 ಮತ್ತು 18 ಇಂಚು. ಮೇಜಿನ ಮೇಲೆ ಹರಡಿದಾಗ ಮೂರೂ ಒಪ್ಪವಾಗಿ ಕಾಣುತ್ತವೆ. ಕೊರಳಿಗೆ ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದರೆ ಹಗ್ಗ ಹೊಸೆದಂತೆ ಸುತ್ತಿಕೊಳ್ಳುತ್ತವೆ. ಮೂರರ ತುದಿಗಳನ್ನೂ ಹಿಂಬದಿಯ ಒಂದೇ ರಿಂಗಿಗೆ ಕಟ್ಟಿದ್ದೇನೆ. ಬಳಸಿರುವುದು ಮೀನಿನ ಗಾಳಕ್ಕೆ ಕಟ್ಟುವಂಥ ನೈಲಾನ್ ದಾರ. ಮಳೆಗಾಲದಲ್ಲಿ ಬಿಗಿಯಾಗಿಯೇ ಪೋಣಿಸಿದ್ದರೂ ಈಗ ಕೊಂಡಿಯ ಬಳಿ ದಾರ ಕಾಣುವಷ್ಟು ಸಂದು ಬಿದ್ದಿದೆ. ಎಲ್ಲವನ್ನೂ ಬಿಚ್ಚಬೇಕೆ, ಅಥವಾ ಇದ್ದಂತೆಯೇ ಸರಿಪಡಿಸಬಹುದೆ?

ಉತ್ತರ (ಮಡಿಕೇರಿಯಿಂದ)

ನಮಸ್ಕಾರ. ದಾರದ ದೃಷ್ಟಿಯಿಂದ ಬಿಚ್ಚುವುದೇ ಒಳ್ಳೆಯದು, ಆದರೆ ಮಣಿಗಳಲ್ಲಿ ಯಾವ ದೋಷವೂ ಇಲ್ಲ. ತೊಂದರೆ ಇರುವುದು ಹಿಂಬದಿಯಲ್ಲಿ. ಮೂರು ತುದಿಗಳೂ ಒಂದೇ ಕಡೆ ಸೇರಿದಾಗ, ಹಗುರವಾದ ಎಳೆ ಪಕ್ಕದ್ದನ್ನು ದಾಟಿ ಆಚೆ ಬೀಳದಂತೆ ತಡೆಯುವುದು ಏನೂ ಇರುವುದಿಲ್ಲ. ಮೂರು ಕಿವಿಗಳಿರುವ, ಅಂದರೆ ಒಂದೊಂದು ಎಳೆಗೂ ಬೇರೆ ಕುಣಿಕೆಯಿರುವ, ಪಟ್ಟಿ ಕೊಂಡಿಯನ್ನು ಹಾಕಿ, ಎಡಬದಿಯಲ್ಲಿ ಮೇಲಿನ ಕಿವಿಗೆ ಹೋದ ಎಳೆ ಬಲಬದಿಯಲ್ಲೂ ಮೇಲಿನ ಕಿವಿಗೇ ಹೋಗುವಂತೆ ನೋಡಿಕೊಳ್ಳಿ. ಈ ಕ್ರಮ ಒಂದು ಕಡೆ ತಪ್ಪಿದರೂ ಸರ ಮತ್ತೆ ತಿರುಚಿಕೊಳ್ಳುತ್ತದೆ.

ಉದ್ದದ ಅಂತರವೂ ಸಾಲದು. ಹೆಚ್ಚಿಸಿದ ಒಂದು ಇಂಚು ಎರಡೂ ಬದಿಗೆ ಹಂಚಿಹೋಗುವುದರಿಂದ ಎದೆಯ ಮೇಲೆ ಎಳೆ ಇಳಿಯುವುದು ಸುಮಾರು ಅರ್ಧ ಇಂಚು ಮಾತ್ರ. 16, 18, 20 ಇಂಚು ಇಟ್ಟರೆ ಒಂದೊಂದು ಎಳೆಯೂ ಬೇರೆಯಾಗಿ ಕಾಣುತ್ತದೆ. ಕೆಳಗಿನ ಎಳೆಗೆ ಸುಮಾರು 3 ಮಿ.ಮೀ. ದಪ್ಪದ 8/0 ಮಣಿಗಳನ್ನು ಹಾಕಿ, ಸಾಧ್ಯವಾದರೆ ಪುಟ್ಟ ಪದಕವನ್ನೂ ಸೇರಿಸಿ. ನಮ್ಮ ಕೊಡವ ಹೆಂಗಸರು ತೊಡುವ ಕೊಕ್ಕೆತಾತಿ ಸರ ಎಷ್ಟು ನೇರವಾಗಿ ನಿಲ್ಲುತ್ತದೆಂಬುದನ್ನು ನೋಡಿರುತ್ತೀರಿ. ಆ ಅರ್ಧಚಂದ್ರಾಕಾರದ ಪದಕದ ತೂಕವೇ ಸರವನ್ನು ಕೆಳಕ್ಕೆ ಹಿಡಿದಿಡುತ್ತದೆ. ಮಧ್ಯದ ಎಳೆಗೆ ಬೇಕಾಗುವ ಹೆಚ್ಚುವರಿ ಮಣಿಗಳು ಇಂಚಿಗೆ ಸುಮಾರು 18. ಕೆಳಗಿನ ಎಳೆಯಿಂದ ಬಿಚ್ಚಿದವೇ ಸಾಕಾಗುತ್ತವೆ.

ಇನ್ನು ದಾರ. ನೈಲಾನ್ ಭಾರಕ್ಕೆ ತಾನಾಗಿಯೇ ಹಿಗ್ಗುತ್ತದೆ, ತೇವ ಹೀರಿಕೊಂಡಾಗ ಇನ್ನಷ್ಟು ಸಡಿಲುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ನಮ್ಮ ಕೊಡಗಿನಲ್ಲಿ ಅದನ್ನು ನಾನು ಯಾರಿಗೂ ಹೇಳುವುದಿಲ್ಲ. ನೈಲಾನ್ ಹೊದಿಕೆಯ ಉಕ್ಕಿನ ತಂತಿಯನ್ನು, 0.30 ಮಿ.ಮೀ. ದಪ್ಪದ್ದನ್ನು, ಕೊಳ್ಳಿರಿ, ಅಂಗಡಿಗಳಲ್ಲಿ ಗೇರ್ ವೈರ್ ಎಂದು ಕೇಳಬಹುದು. ಅದರೊಳಗೆ 7, 19 ಅಥವಾ 49 ಸೂಕ್ಷ್ಮ ತಂತಿಗಳಿರುತ್ತವೆ. ಸಂಖ್ಯೆ ಹೆಚ್ಚಿದಷ್ಟೂ ಸರ ಮೆದುವಾಗಿ ಬಾಗುತ್ತದೆ.

ತುದಿಗೆ ಗಂಟು ಬೇಡ, ಕ್ರಿಂಪ್ ಮಣಿ, ಅಂದರೆ ಒತ್ತಿದರೆ ತಂತಿಯನ್ನು ಕಚ್ಚಿ ಹಿಡಿಯುವ ಪುಟ್ಟ ಲೋಹದ ಮಣಿ ಹಾಕಿ. ತಂತಿಯನ್ನು ಅದರೊಳಗಿಂದ ಕೊಂಡಿಯ ಕಿವಿಗೆ ಪೋಣಿಸಿ, ಮರಳಿ ಅದರೊಳಗೇ ತನ್ನಿ. ಕ್ರಿಂಪ್ ಇಕ್ಕಳದ ಒಳಗಿನ ಕಚ್ಚಿನಲ್ಲಿ ಮೊದಲು ಒತ್ತಿದಾಗ ಮಣಿಯ ನಡುವೆ ಗೆರೆ ಬಿದ್ದು, ತಂತಿಯ ಎರಡು ಎಳೆಗಳು ಆಚೆ ಈಚೆ ಸರಿಯುತ್ತವೆ. ಬಳಿಕ ಮಣಿಯನ್ನು ಕಾಲು ಸುತ್ತು ತಿರುಗಿಸಿ, ಹೊರಗಿನ ದುಂಡು ಕಚ್ಚಿನಲ್ಲಿ ಮಡಿಸಿ ಒತ್ತಬೇಕು. ಮಣಿಗಳನ್ನು ಪೂರ್ತಿ ಬಿಗಿಯದೆ ಸುಮಾರು 2 ಮಿ.ಮೀ. ಸಡಿಲ ಬಿಡಿ. ಇಲ್ಲದಿದ್ದರೆ ಸರ ಸೆಟೆದು ನಿಲ್ಲುತ್ತದೆ, ತಂತಿಯೂ ಕೊಂಡಿಯ ಬಳಿ ಸವೆಯುತ್ತದೆ.

ಮರುಪ್ರಶ್ನೆ (ವಿರಾಜಪೇಟೆಯಿಂದ)

ಬಹಳ ಉಪಕಾರವಾಯಿತು ಅಕ್ಕಾ. ಮೂರು ಕಿವಿಯ ಕೊಂಡಿ ಇಲ್ಲಿಯ ಅಂಗಡಿಯಲ್ಲಿ ಸಿಗಲಿಲ್ಲ. ಅದನ್ನು ಮನೆಯಲ್ಲೇ ಮಾಡಿಕೊಳ್ಳಬಹುದೆ?

ಉತ್ತರ (ಮಡಿಕೇರಿಯಿಂದ)

ಖಂಡಿತ ಮಾಡಿಕೊಳ್ಳಬಹುದು. 20 ಗೇಜಿನ, ಅಂದರೆ ಸುಮಾರು 0.8 ಮಿ.ಮೀ. ದಪ್ಪದ ಹಿತ್ತಾಳೆ ತಂತಿಯನ್ನು ದುಂಡು ಮೂತಿಯ ಇಕ್ಕಳದಿಂದ ಸುತ್ತಿ, ಸಮ ಅಂತರದಲ್ಲಿ ಮೂರು ಕುಣಿಕೆಗಳನ್ನು ಮಾಡಿ, ಅದರ ಬೆನ್ನಿಗೊಂದು ಕುಣಿಕೆ ಬಿಟ್ಟು ಅಲ್ಲಿಂದ ಮಾಮೂಲಿ ಕೊಂಡಿಗೆ ಜೋಡಿಸಿ. ಇಂಥವು ಎರಡು ಬೇಕು. ತಂತಿಯ ತುದಿಗಳನ್ನು ಅರದಿಂದ ನಯಗೊಳಿಸದಿದ್ದರೆ ಕುತ್ತಿಗೆಗೆ ಗೀರುತ್ತವೆ. ಹಿತ್ತಾಳೆ ತೇವಕ್ಕೆ ಕಪ್ಪಾಗುವುದರಿಂದ ಸರವನ್ನು ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಗಾಳಿಯಾಡದ ಚೀಲದಲ್ಲಿಡಿ.

ಎರಡನೆಯ ಬದಿಯ ಕ್ರಿಂಪ್ ಒತ್ತುವ ಮೊದಲು ತಂತಿಯ ತುದಿಗಳನ್ನು ಅಂಟುಪಟ್ಟಿಯಿಂದ ಹಿಡಿಸಿ, ಮಗಳ ಕೊರಳಿಗೇ ಇಟ್ಟು ನೋಡಿ. ಉಡುಗೊರೆಯನ್ನು ಮುಂಚಿತವಾಗಿ ತೋರಿಸಬಾರದೆಂದಿದ್ದರೆ, ಅವಳು ದಿನವೂ ತೊಡುವ ಸರದ ಉದ್ದವನ್ನು ಕೊಂಡಿ ಸಮೇತ ಅಳೆದುಕೊಳ್ಳಿ.